ಹೀರೆಕಾಯಿ ಹಸಿರು

ಮುನ್ನೂರು ಮನೆ, ಎರಡು ಮಸೀದಿ, ಒಂದು ಪೆಟ್ರೋಲ್ ಬಂಕು,
ಗುಡ್ಡದ ಬುಡದಿಂದ ಇಳಿದು ಬರುವ
ಗೇಣಗಲದ ಫಲಜಿನ ನೀರು.
ಇಷ್ಟೇ ವಾದಿ ಸಿದ್ರಾ.
ಇದಕ್ಕೂ ಒಂದು ಬಲದಿಯಾ ಬಂತು,
ಬಲದಿಯಾಕ್ಕೆ ಕುರ್ಚಿ, ಕುರ್ಚಿಗೆ ನಾಸಿರ್ ಬಿನ್ ಖಲ್ಫಾನ್,
ನಾಸಿರನಿಗೆ ಬಾವುಟದ ಆಸೆ.

ಊರಿಗೆಲ್ಲ ಒಬ್ಬನೇ ದರ್ಜಿ, ಗಂಗೊಳ್ಳಿಯ ಶೀನ ಖಾರ್ವಿ.
ಅಜ್ಜ ಹಾಯಿ ಹೊಲಿದವ, ಅಪ್ಪ ಬಲೆ ಹೆಣೆದವ,
ನಾನು ಹದಿನೇಳು ವರ್ಷದಿಂದ
ಇವರ ದಿಶ್ದಾಶಕ್ಕೆ ಕುತ್ತಿಗೆ ಕತ್ತರಿಸುವವ.

ಅಂಗಡಿ ಮುಂದೆ ಚಾಪೆ ಹಾಸಿ ಕೂತರು ಹಿರಿಯರು.
ಖರ್ಜೂರದ ಮರ ಇರಲಿ. ತಕರಾರಿಲ್ಲ.
ಅದರ ಬುಡಕ್ಕೆ ನೀರು ಇರಲಿ. ಎಷ್ಟು ಗೆರೆ?
ಅಲ್ಲಿಗೆ ಒಂದು ಮಧ್ಯಾಹ್ನ ಹೋಯಿತು.
ಐದು ಮನೆತನದ ಸರತಿಗೆ ಐದು ಗೆರೆ,
ಒಂದು ಗೆರೆ ಒಂದು ನೂಲೂ ದಪ್ಪವಾಗಕೂಡದು.
ಕಣ್ಣು ಮಂಜಾದ ಅಜ್ಜನೊಬ್ಬ
ಉಗುರಿಂದ ಅಳೆದು ನೋಡಿದ.

'ನಡುವೆ ಡೇಗೆ ಇರಲಿ' ಅಂದ
ಮಸ್ಕತ್ತಿನಲ್ಲಿ ಓದಿ ಬಂದ ಹುಡುಗ.
ಹೊಲಿದಿಟ್ಟ ಬಟ್ಟೆ ಒಯ್ಯಲು ಬಂದಿದ್ದ ಮುದುಕಿ ಮೋಝಾ
ಬಾಗಿಲಲ್ಲೇ ನಿಂತು ಕೇಳಿದಳು:
'ಡೇಗೆ ಯಾರ ಮನೆಗಪ್ಪ ನೀರು ಹೊತ್ತಿತ್ತು?
ನನ್ನ ಕತ್ತೆ ಹೊತ್ತಿತ್ತು.
ಕತ್ತೆ ಹಾಕಿ.'
ಎಲ್ಲರೂ ನಕ್ಕರು.
ಆಮೇಲೆ ಯಾರೂ ನಗಲಿಲ್ಲ.
ಕಾಫಿ ಸಾಕೆಂದು ಒಬ್ಬೊಬ್ಬರೇ
ಪುಟ್ಟ ಬಟ್ಟಲು ಅಲ್ಲಾಡಿಸಿ ಎದ್ದರು.
ಡೇಗೆಯೂ ಇಲ್ಲ, ಕತ್ತೆಯೂ ಇಲ್ಲ;
ಮರದ ಪಕ್ಕ ಅಂಗೈಯಗಲ ಖಾಲಿ ಬಿಳಿ.

ಹೊಲಿಯಲು ಕೂತ ರಾತ್ರಿ ಮಳೆ ಬಂದು
ವಾದಿ ತುಂಬಿ ರಸ್ತೆ ಮುಚ್ಚಿತು.
ಅರ್ಧ ಗರಿಗೇ ಹಸಿರು ನೂಲು ಮುಗಿಯಿತು.
ಪೆಟ್ಟಿಗೆಯ ತಳದಲ್ಲಿ ಒಂದು ರೀಲು ಸಿಕ್ಕಿತು,
ಜಲಜಳ ಸೀರೆಗೆ ಫಾಲು ಹಚ್ಚಲು ಕೊಂಡು
ಕೊಡದೆ ಮರೆತು ಬಂದದ್ದು.
ಗಿಳಿಯ ಹಸಿರಲ್ಲ, ಪಾಚಿಯದೂ ಅಲ್ಲ,
ಎಳೆ ಹೀರೆಕಾಯಿಯದು.
ಹೊಲಿದದ್ದು ಬಿಚ್ಚಿ ಪೂರ್ತಿ ಅದರಲ್ಲೇ ಹೊಲಿದೆ.

ನಾಸಿರ್ ಬಹಳ ಹೊತ್ತು ನೋಡಿದ.
ನನ್ನ ಕುತ್ತಿಗೆಯಲ್ಲಿ ಬೆವರು.
'ಇಂಥ ಹಸಿರು ಬೇರೆ ಯಾವ ಊರಿಗೂ ಇಲ್ಲ' ಅಂದ.
ಕಾಗದ ಹೋಯಿತು, ಮೊಹರು ಬಿತ್ತು,
ಬಣ್ಣಕ್ಕೆ ಒಂದು ನಂಬರೂ ಬಂತು.

ಈಗ ದೀಪದ ಕಂಬಕ್ಕೆ ಅದೇ, ನೀರಿನ ಟ್ಯಾಂಕರಿಗೆ ಅದೇ,
ಕಸಾಯಿಖಾನೆಯ ಗೇಟಿಗೆ, ಮಕ್ಕಳ ಜಾರುಬಂಡೆಗೆ, ಕಸದ ಡ್ರಮ್ಮಿಗೆ.
ಫೋನಿನಲ್ಲಿ ಹೇಳಿದರೆ ಜಲಜ:
'ಕಸದ ಡ್ರಮ್ಮಿಗೆ ನನ್ನ ಸೀರೆಯಾ?'
ಆಮೇಲೆ ಸುಮ್ಮನಾಗಿ, 'ಎಷ್ಟು ಡ್ರಮ್ಮು?' ಎಂದಳು.

ಮೊನ್ನೆ ನನಗೊಂದು ಚೀಟಿ ಬಂತು.
ತಲೆಯ ಮೇಲೆ ನಾನೇ ಹೊಲಿದ ಮರ, ಐದು ನೀರು;
ಕೆಳಗೆ ನನ್ನ ಹೆಸರು, ತಪ್ಪು ತಪ್ಪಾಗಿ.
ಅಂಗಡಿ ಬೋರ್ಡು ನಾಲ್ಕು ಇಂಚು ಹೆಚ್ಚಂತೆ,
ಹತ್ತು ರಿಯಾಲ್ ದಂಡ.
ಕಟ್ಟಿದೆ. ರಸೀದಿಯಲ್ಲೂ ಮರವಿತ್ತು.

ಹಾಯಿ ಹರಿಯುವುದು ತುದಿಯಿಂದ,
ಅಂಚಿಗೆ ಎರಡು ಸುತ್ತು ಹಾಕು, ಎನ್ನುತ್ತಿದ್ದ ಅಜ್ಜ.
ಮೂರು ಹಾಕಿದರೂ ಗರ್ಬಿ ಗಾಳಿ ಬಿಡುವುದಿಲ್ಲ.
ಮೂರು ತಿಂಗಳಿಗೊಂದು ಹೊಸ ಬಾವುಟ;
ಹಳತನ್ನು ಸುಡಲೂ ಆಗದೆ ಎಸೆಯಲೂ ಆಗದೆ
ನಾಸಿರ್ ನನ್ನ ಬೀರುವಿನಲ್ಲೇ ಇಡಿಸುತ್ತಾನೆ.

ಜೂನ್ ತಿಂಗಳು, ಗೊನೆ ಹಣ್ಣಾಗುವ ಹೊತ್ತು,
ಮೋಝಾ ಬಂದು ಬೀರು ತೋರಿಸಿದಳು:
'ಪಿಕಳಾರಗಳ ಕಾಟ. ಒಂದು ಚೀಲ ಮಾಡಿಕೊಡು.'
ಮಾಡಿದೆ. ಬಾಯಿಗೆ ದಾರ ಪೋಣಿಸಿದೆ.
ಸೂಜಿಯಲ್ಲಿ ನೂಲು ಉಳಿದಿತ್ತು,
ಅಂಗೈಯಗಲ ಬಿಳಿಯೂ ಉಳಿದಿತ್ತು.
ಎರಡು ಕಿವಿ, ಅಷ್ಟೇ.
ಕತ್ತೆಯೆಂದು ಗೊತ್ತಿದ್ದವರಿಗೆ ಕತ್ತೆ.

ಈಗ ಮರದ ತುದಿಯಲ್ಲಿ ಗೊನೆಗೆ ಆ ಚೀಲ,
ಗಾಳಿಗೆ ಕಿವಿ ಆಡುತ್ತವೆ.
ನಾಸಿರ್ ಕಾರು ನಿಲ್ಲಿಸಿ,
ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದ.
ನೋಡಿದ.
ಆಮೇಲೆ ನನ್ನತ್ತ ತಿರುಗಿ ಕೇಳಿದ:
'ಆ ಬೋರ್ಡು ಕತ್ತರಿಸಿದೆಯಾ, ಇಲ್ಲವಾ?'